ಒಂದು ಶೀತಪೆಟ್ಟಿಗೆ, ನಾಲ್ಕು ಹದ

ಅಮೆರಿಕದ ವಾಯವ್ಯ ಭಾಗದಲ್ಲಿ ಆಷಾಢಮಾಸದ ಸಂಜೆಗಳು ಬಲು ದೀರ್ಘವಾದುವು. ಗಡಿಯಾರವು ರಾತ್ರಿ ಒಂಬತ್ತನ್ನು ತೋರಿಸುತ್ತಿದ್ದರೂ ಆಕಾಶದಲ್ಲಿ ಬೆಳಕು ನಿಂತೇ ಇರುತ್ತದೆ. ಅಂತಹ ಒಂದು ಸಂಜೆ, ಮಂಡ್ಯದಿಂದ ನಮ್ಮಲ್ಲಿಗೆ ಬಂದಿದ್ದ ನನ್ನ ಭಾವಮೈದುನನು, ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಬಿಳಿಯ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತು, ಅದರ ಮರದ ಪಟ್ಟಿಯಲ್ಲಿ ಸಾಲಾಗಿ ಕೂರಿಸಿದ್ದ ನಾಲ್ಕು ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ರುಚಿ ನೋಡಿ, ಕಡೆಗೆ ಕೇಳಿದನು: “ಭಾವ, ಪೆಟ್ಟಿಗೆ ಒಂದೇ, ಒಳಗಿರೋ ಚಳೀನೂ ಒಂದೇ. ಮತ್ತೆ ಒಂದರಲ್ಲಿ ನೊರೆ ಕೆನೆ ಹಾಗೆ ನಿಲ್ಲುತ್ತೆ, ಇನ್ನೊಂದು ಗೋಲಿಸೋಡಾ ಹಾಗೆ ಚುರುಗುಟ್ಟುತ್ತೆ, ಮತ್ತೊಂದರಲ್ಲಿ ಗ್ಯಾಸೇ ಇಲ್ವೇನೋ ಅನ್ನಿಸುತ್ತೆ. ಇದು ಹ್ಯಾಗೆ?”

ಅವನು ಕೇಳಿದುದು ಕುತೂಹಲಕ್ಕಾಗಿ. ನಾನಾದರೋ ಇದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಹಲವು ಋತುಗಳನ್ನು ಕಳೆದವನು. ಗೃಹಸ್ಥನೊಬ್ಬನು ತನ್ನ ಮನೆಯ ಒಂದೇ ಶೀತಪೆಟ್ಟಿಗೆಯಿಂದ, ಹುಟ್ಟಿದ ದೇಶವೂ ಬೆಳೆದ ಸಂಪ್ರದಾಯವೂ ಬೇರೆಬೇರೆಯಾದ ನಾಲ್ಕು ಬಿಯರುಗಳನ್ನು, ಒಂದೊಂದರ ಸಹಜವಾದ ಹದವೂ ಕೆಡದಂತೆ ಅತಿಥಿಗಳ ಮುಂದಿಡುವುದು ಸಾಧ್ಯವೇ, ಸಾಧ್ಯವಾದರೆ ಅದಕ್ಕೆ ಏನೇನು ಬೇಕು, ಎಲ್ಲಿಯವರೆಗೆ ಹಟ ಹಿಡಿಯಬಹುದು, ಎಲ್ಲಿ ಒಪ್ಪಂದಕ್ಕೆ ಬರಬೇಕು ಎಂಬುದನ್ನು ಸಾವಧಾನವಾಗಿ ಹೇಳುವ ಆಸೆಯಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ. ಮದ್ಯವನ್ನು ಮುಟ್ಟದ ವಾಚಕರು ನಮ್ಮಲ್ಲಿ ಬಹುಸಂಖ್ಯೆಯಲ್ಲಿರುವರೆಂದು ಬಲ್ಲೆ. ಅವರ ನಿಯಮದ ವಿಷಯದಲ್ಲಿ ನನಗೆ ಗೌರವವುಂಟು. ಇಲ್ಲಿ ಹೇಳತಕ್ಕುದರಲ್ಲಿ ಅರ್ಧಪಾಲು ಸೋಡಾನೀರಿಗೂ ಸಲ್ಲುವ ಮಾತಾದುದರಿಂದ ಅವರೂ ಓದಬಹುದು.

ಪೆಟ್ಟಿಗೆಯ ಹೆಸರು ಕೆಗರೇಟರ್. ಕೆಗ್ ಎಂದರೆ ಲೋಹದ ಪೀಪಾಯಿ. ಅದನ್ನು ರೆಫ್ರಿಜರೇಟರ್ ಎಂಬುದರ ಬಾಲಕ್ಕೆ ಗಂಟುಹಾಕಿ ಅಮೆರಿಕದ ಜನ ಈ ಪದವನ್ನು ಮಾಡಿಕೊಂಡರು. ನಿಲುವಾದ ಫ್ರಿಜ್ಜಿನ ತಲೆಯ ಮೇಲೆ ಕಂಬವೊಂದನ್ನು ನಿಲ್ಲಿಸಿ ನಲ್ಲಿ ಕೂರಿಸುವುದು ಒಂದು ಬಗೆ. ಮೇಲ್ಮುಚ್ಚಳದ ಫ್ರೀಜರಿನ ಬಾಯಿಗೆ ಮರದ ಚೌಕಟ್ಟನ್ನು ಕಟ್ಟಿ, ಆ ಚೌಕಟ್ಟಿಗೆ ನಲ್ಲಿಗಳನ್ನು ತೊಡಿಸುವುದು ಇನ್ನೊಂದು ಬಗೆ. ಇದನ್ನು ಕೀಜರ್ ಎನ್ನುವುದೂ ಉಂಟು. ನಮ್ಮದು ಈ ಎರಡನೆಯದು. ಫ್ರೀಜರನ್ನು ಅದರ ಪಾಡಿಗೆ ಬಿಟ್ಟರೆ ಬಿಯರು ಗಡ್ಡೆಗಟ್ಟುವುದರಿಂದ, ಗೋಡೆಯ ಪ್ಲಗ್ಗಿಗೂ ಅದಕ್ಕೂ ನಡುವೆ ಉಷ್ಣತೆಯನ್ನು ಕಾಯುವ ಸಣ್ಣ ಯಂತ್ರವೊಂದು ಇರಬೇಕು. ಒಳಗಿನ ಉಷ್ಣತೆ ಬೇಕಾದಷ್ಟಕ್ಕೆ ಇಳಿದೊಡನೆ ಅದು ವಿದ್ಯುತ್ತನ್ನು ತಡೆಯುತ್ತದೆ.

ಒಳಗೆ ನಿಂತಿರುವ ಪೀಪಾಯಿಗಳಿಗೆ ಬಿಯರಿನೊಡನೆ ಹುಟ್ಟುಸಂಬಂಧವಿಲ್ಲ. 5 ಗ್ಯಾಲನ್, ಎಂದರೆ ಸುಮಾರು 19 ಲೀಟರು ಹಿಡಿಯುವ, ತುಕ್ಕುಹಿಡಿಯದ ಉಕ್ಕಿನ ಈ ನೀಳವಾದ ಪಾತ್ರೆಗಳನ್ನು ಕಾರ್ನೀಲಿಯಸ್ ಎಂಬ ಸಂಸ್ಥೆಯ ಹೆಸರಿನಿಂದ ಇಂದಿಗೂ ಕರೆಯುತ್ತಾರೆ. ಅವು ಮೊದಲು ಇದ್ದುದು ಸಿಹಿಸೋಡಾದ ಪಾಕವನ್ನು ಹೋಟೆಲುಗಳಿಗೆ ಹೊರುವುದಕ್ಕೆ. ಪೆಪ್ಸಿಯವರು ಬಳಸಿದ ಪೀಪಾಯಿಯ ಕೊಂಡಿ ಒಂದು ವಿಧ, ಕೋಕಾಕೋಲಾದವರದು ಇನ್ನೊಂದು ವಿಧ. ಒಂದರ ಕೊಂಡಿ ಮತ್ತೊಂದಕ್ಕೆ ಹಿಡಿಯದು. ಸೋಡಾದ ಕಂಪನಿಗಳು ಕ್ರಮೇಣ ರಟ್ಟಿನ ಪೆಟ್ಟಿಗೆಯೊಳಗಿನ ಚೀಲಗಳಲ್ಲಿ ಪಾಕವನ್ನು ತುಂಬತೊಡಗಿದಾಗ, ಬೇಡವಾದ ಪೀಪಾಯಿಗಳು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಬಂದು, ಮನೆಯಲ್ಲಿ ಬಿಯರು ಮಾಡುವವರ ಕೈಸೇರಿದವು. ನನ್ನ ನಾಲ್ಕರಲ್ಲಿ ಒಂದರ ಮೈಮೇಲೆ ಹಳೆಯ ಸೋಡಾದ ಚೀಟಿಯ ಅಂಟು ಇಂದಿಗೂ ಉಳಿದಿದೆ. ಅದನ್ನು ಕೆರೆದು ತೆಗೆಯಲು ನನಗೆ ಮನಸ್ಸು ಬಂದಿಲ್ಲ.

ಮನೆಯಲ್ಲಿ ಕುದಿಸಿ ಹುದುಗುಬರಿಸಿದ ಬಿಯರು ಇಂತಹ ಪೆಟ್ಟಿಗೆಯನ್ನು ಸೇರುವುದಕ್ಕೆ ಕಾನೂನಿನ ಒಪ್ಪಿಗೆ ದೊರೆತುದು ಬಹಳ ಹಿಂದಿನ ಸಂಗತಿಯಲ್ಲ. 1920ರಲ್ಲಿ ಅಮೆರಿಕ ದೇಶಾದ್ಯಂತ ಜಾರಿಗೆ ಬಂದ ಪಾನನಿರೋಧವು 1933ರಲ್ಲಿ ಕೊನೆಗೊಂಡಿತಾದರೂ, ಮನೆಯಲ್ಲಿ ದ್ರಾಕ್ಷಾರಸವನ್ನು ಮಾಡಿಕೊಳ್ಳುವವರಿಗೆ ಸಿಕ್ಕಿದ ಅನುಮತಿ ಬಿಯರು ಮಾಡುವವರಿಗೆ ಸಿಗಲಿಲ್ಲ. ಆ ಲೋಪವು ನಾಲ್ಕೂವರೆ ದಶಕಗಳ ಕಾಲ ಹಾಗೆಯೇ ಉಳಿಯಿತು. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಹಿಹಾಕಿದ ಶಾಸನವು ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200 ಗ್ಯಾಲನ್ ಬಿಯರನ್ನು, ಮಾರಾಟಕ್ಕಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಲು ತೆರಿಗೆಯಿಲ್ಲದೆ ಅವಕಾಶವಿತ್ತಿತು. ಸಂಸ್ಥಾನಗಳ ಕಾನೂನು ಬೇರೆ. ಅಲಬಾಮ ಮತ್ತು ಮಿಸಿಸಿಪಿಗಳು ಒಪ್ಪಿದುದು 2013ರಲ್ಲಿ. ಆ 1978ರಲ್ಲಿಯೇ ಕೊಲೊರಾಡೊದ ಬೋಲ್ಡರ್ ಪಟ್ಟಣದಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಅವರ ಸಂಗಡಿಗರು ಅಮೆರಿಕದ ಗೃಹಬಿಯರು ತಯಾರಕರ ಸಂಘವನ್ನು ಕಟ್ಟಿದರು. ಆ ಕಾಲಕ್ಕೆ ಆ ಮಹಾದೇಶದಲ್ಲಿ ಉಳಿದಿದ್ದ ಬಿಯರಿನ ಕಾರ್ಖಾನೆಗಳು ನೂರಕ್ಕೂ ಕಡಮೆ, ಅವು ಮಾಡುತ್ತಿದ್ದುದೂ ಬಹುಮಟ್ಟಿಗೆ ಒಂದೇ ಬಗೆಯ ತಿಳಿಹಳದಿ ಲಾಗರು. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಬಗೆಯನ್ನು ಇಡಬೇಕೆಂಬ ಬಯಕೆ ಹುಟ್ಟಬೇಕಾದರೆ ಮೊದಲು ನಾಲ್ಕು ಬಗೆ ಇರಬೇಕಷ್ಟೆ. ಆ ವೈವಿಧ್ಯವನ್ನು ಅಮೆರಿಕಕ್ಕೆ ತಂದುಕೊಟ್ಟವರಲ್ಲಿ ಹಲವರು ಅಡುಗೆಮನೆಯ ಒಲೆಯ ಮೇಲೆ ಕಲಿತವರೇ. ನಮ್ಮ ಆರೆಗಾನಿನಲ್ಲಿ, ಬಿಯರು ಮಾಡಿದ ಜಾಗದಲ್ಲಿಯೇ ಅದನ್ನು ಬಟ್ಟಲಿಗೆ ಸುರಿದು ಮಾರಬಹುದೆಂಬ ಕಾನೂನು 1985ರಲ್ಲಿ ಬಂದಿತು.

ನನ್ನ ನಾಲ್ಕು ನಲ್ಲಿಗಳಲ್ಲಿ ಮೊದಲನೆಯದು ಈ ನೆಲದ್ದೇ ಆದ ಪೇಲ್ ಏಲ್. ಇಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿಯಲ್ಲಿರುವ ಕೊರ್ವಾಲಿಸ್‌ನಲ್ಲಿ ಸಂಕರಗೊಳಿಸಿ, 1972ರಲ್ಲಿ ರೈತರಿಗೆ ಕೊಟ್ಟ ಕ್ಯಾಸ್ಕೇಡ್ ಎಂಬ ಹಾಪ್ ಹೂವಿನ ಪರಿಮಳ ಅದರದು, ಚಕ್ಕೋತದ ಸಿಪ್ಪೆಯನ್ನು ಕೈಯಲ್ಲಿ ಹಿಸುಕಿದಂತೆ. ಎರಡನೆಯದು ಬವೇರಿಯದ ಗೋಧಿಬಿಯರು, ಬೆಂಗಳೂರಿನ ಹೊಸ ಬಿಯರುಮನೆಗಳಿಗೆ ಹೋಗಿಬರುವವರಿಗೆ ಚಿರಪರಿಚಿತವಾದದ್ದು; ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕದೆ, ಕೇವಲ ಯೀಸ್ಟಿನ ಮಹಿಮೆಯಿಂದ ಆ ಎರಡರ ಕಂಪನ್ನೂ ಪಡೆದಿರತಕ್ಕ ಪಾನೀಯ. ಮೂರನೆಯದು ಇಂಗ್ಲೆಂಡಿನ ಬಿಟರ್. ನಾಲ್ಕನೆಯದು ಐರ್ಲೆಂಡಿನ ಕಪ್ಪನೆಯ ಸ್ಟೌಟ್. ಬಣ್ಣ, ಕಹಿ, ಗಂಧಗಳಿಂದ ಇವು ಬೇರೆಯಾಗಿರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಇವುಗಳ ಅತ್ಯಂತ ಮುಖ್ಯವಾದ ಭೇದವು ಕಣ್ಣಿಗೆ ಕಾಣದ್ದು, ಎಂದರೆ ಒಳಗೆ ಕರಗಿರುವ ಅನಿಲದ ಪ್ರಮಾಣ. ಇದನ್ನು ಅರಿಯದೆ ಪೆಟ್ಟಿಗೆ ಕಟ್ಟಿದವರ ಶ್ರಮವೆಲ್ಲವೂ ನಲ್ಲಿಯ ಬಾಯಲ್ಲಿ ವ್ಯರ್ಥವಾಗುತ್ತದೆ.

ನಾನೂ ಹಾಗೆಯೇ ವ್ಯರ್ಥಮಾಡಿದವನು. ಮೊದಲ ಸಲ ನಾಲ್ಕು ಪೀಪಾಯಿಗಳನ್ನು ತುಂಬಿ, ಒಂದೇ ಅನಿಲದ ಸಿಲಿಂಡರಿನಿಂದ ಒಂದೇ ಒತ್ತಡವನ್ನು ನಾಲ್ಕಕ್ಕೂ ಹಂಚಿ, ಚದರ ಅಂಗುಲಕ್ಕೆ 12 ಪೌಂಡಿನಂತೆ ಮುಳ್ಳನ್ನು ನಿಲ್ಲಿಸಿ, ಮೂರು ವಾರಗಳ ತರುವಾಯ ಮಿತ್ರರನ್ನು ಕರೆದಿದ್ದೆನು. ಗೋಧಿಬಿಯರು ಮಂಕಾಗಿ, ಹಿಂದಿನ ದಿನದ ಸೋಡಾದಂತೆ ಇಳಿಯಿತು. ಬಿಟರ್ ಎಂಬುದು ತನ್ನ ಮೃದುತ್ವವನ್ನೆಲ್ಲ ಕಳೆದುಕೊಂಡು ಬಟ್ಟಲಿನ ಮುಕ್ಕಾಲು ಪಾಲು ನೊರೆಯಾಗಿ ಉಕ್ಕಿತು. ಸ್ಟೌಟಿನ ನಾಲಿಗೆ ಚುಚ್ಚುವ ಹುಳಿಯನ್ನು ಕಂಡು ಒಬ್ಬರು ಅದು ಕೆಟ್ಟಿದೆಯೇ ಎಂದು ಮೆಲ್ಲಗೆ ಕೇಳಿದರು. ಸರಿಯಾಗಿ ಬಂದದ್ದು ಪೇಲ್ ಏಲ್ ಒಂದೇ. ಎದುರುಮನೆಯ ಅಮೆರಿಕನ್ ವೃದ್ಧರು, ಬಡಗಿಯ ಕೆಲಸದಿಂದ ನಿವೃತ್ತರಾದವರು, ಮೂವತ್ತು ವರ್ಷಗಳಿಂದ ಮನೆಯಲ್ಲಿ ಬಿಯರು ಮಾಡುತ್ತ ಬಂದವರು, ಎಲ್ಲರೂ ಹೊರಟುಹೋದ ಮೇಲೆ ಉಳಿದುಕೊಂಡು, ಮುಚ್ಚಳವನ್ನೆತ್ತಿ ಒಳಗೆ ನೋಡಿ, “ಇಲ್ಲಿ ನಾಲ್ಕು ಬಿಯರುಗಳಿಲ್ಲ; ಒಂದೇ ಬಿಯರಿಗೆ ನಾಲ್ಕು ಬಣ್ಣ ಹಾಕಿದ್ದೀರಿ. ನಾಳೆ ಬೆಳಗ್ಗೆ ಬರುತ್ತೇನೆ, ಒಂದು ಪೆನ್ಸಿಲ್ಲು ಕಾಗದ ಇಟ್ಟಿರಿ,” ಎಂದರು. ಮರುದಿನ ಅವರು ಕಾಗದದ ಮೇಲೆ ಬರೆದು ತೋರಿಸಿದುದನ್ನೇ ನಾನಿಲ್ಲಿ ಕನ್ನಡದಲ್ಲಿ ಹೇಳಹೊರಟಿರುವುದು.

ನಮ್ಮೂರಿನ ಗೋಲಿಸೋಡಾದ ಸೀಸೆಯನ್ನು ನೆನಪಿಗೆ ತಂದುಕೊಳ್ಳಿರಿ. ಗೋಲಿಯು ಕಂಠಕ್ಕೆ ಒತ್ತಿಕೊಂಡಿರುವ ತನಕ ನೀರು ತಿಳಿಯಾಗಿ, ಒಂದು ಗುಳ್ಳೆಯೂ ಇಲ್ಲದೆ ನಿಂತಿರುತ್ತದೆ. ಗೋಲಿಯನ್ನು ಒಳಕ್ಕೆ ತಳ್ಳಿ ಒತ್ತಡವನ್ನು ಬಿಟ್ಟ ಕ್ಷಣದಲ್ಲಿ, ಅಷ್ಟು ಹೊತ್ತೂ ಅಡಗಿದ್ದ ಅನಿಲವು ಸಾವಿರಾರು ಗುಳ್ಳೆಗಳಾಗಿ ಮೇಲೇಳುತ್ತದೆ. ಬಿಯರಿನ ತೊಟ್ಟಿಯ ಮೇಲೆ ಹರಡಿ ನಿಲ್ಲುವ ಈ ವಾಯುವನ್ನು, ನಾವು ಇಂಗಾಲಾಮ್ಲವೆಂದು ಕರೆಯುವುದನ್ನು, 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಬಿಯರಿನ ಕಾರ್ಖಾನೆಯೊಂದರ ಪಕ್ಕದ ಮನೆಯಲ್ಲಿ ವಾಸಕ್ಕೆ ಬಂದ ಜೋಸೆಫ್ ಪ್ರೀಸ್ಟ್ಲೀ ಎಂಬ ಧರ್ಮಬೋಧಕರು ಪರೀಕ್ಷಿಸತೊಡಗಿ, ಅದನ್ನು ನೀರಿನಲ್ಲಿ ಕರಗಿಸುವ ಉಪಾಯವನ್ನು 1772ರಲ್ಲಿ ಪ್ರಕಟಿಸಿದರು. ಲೋಕದ ಸೋಡಾವೆಲ್ಲಕ್ಕೂ ತವರುಮನೆ ಬಿಯರಿನ ತೊಟ್ಟಿಯೇ ಎಂಬುದು ಇದರಿಂದ ವಿದಿತವಾಗುತ್ತದೆ. ಪ್ರೀಸ್ಟ್ಲೀಯವರು ತಮ್ಮ ಮತಾಭಿಪ್ರಾಯಗಳ ಕಾರಣ ಸ್ವದೇಶದಲ್ಲಿ ಹಿಂಸೆಗೊಳಗಾಗಿ, 1794ರಲ್ಲಿ ಅಮೆರಿಕಕ್ಕೆ ಬಂದು, ಪೆನ್ಸಿಲ್ವೇನಿಯದಲ್ಲಿ ದೇಹಬಿಟ್ಟರು.

ಅವರ ತರುವಾಯ, 1803ರಲ್ಲಿ, ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯವರು ಕಂಡುಹಿಡಿದ ನಿಯಮವೇ ನಮ್ಮ ಪೆಟ್ಟಿಗೆಯ ಮೂಲಸೂತ್ರ: ಉಷ್ಣತೆ ಬದಲಾಗದಿರುವಾಗ, ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಿನ ಅನಿಲದ ಒತ್ತಡವನ್ನು ಅನುಸರಿಸುತ್ತದೆ, ದ್ರವವು ತಣ್ಣಗಿದ್ದಷ್ಟೂ ಹೆಚ್ಚು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಪೀಪಾಯಿಯ ಮೇಲೆ ನಾವಿಡುವ ಒತ್ತಡವು ಬಿಯರನ್ನು ಹೊರಕ್ಕೆ ತಳ್ಳುವ ಬಲ ಮಾತ್ರವಲ್ಲ. ಎರಡು ಮೂರು ವಾರಗಳಲ್ಲಿ ಅದು ಬಿಯರಿನ ಗುಣವನ್ನೇ ನಿರ್ಣಯಿಸಿಬಿಡುತ್ತದೆ. ಬೇಗ ಸುರಿಯಲೆಂದು ಒತ್ತಡವನ್ನು ಏರಿಸುವವನೂ ನೊರೆ ತಗ್ಗಲೆಂದು ಒತ್ತಡವನ್ನು ಇಳಿಸುವವನೂ ಆ ಹೊತ್ತಿನ ಅನುಕೂಲಕ್ಕಾಗಿ ಬಿಯರನ್ನೇ ಮಾರ್ಪಡಿಸುತ್ತಿರುತ್ತಾರೆ. ನಾನು ಮಾಡಿದ್ದ ಅಪರಾಧವಿದು: ಬೇರೆಬೇರೆ ಮನೆಗಳಲ್ಲಿ ಹುಟ್ಟಿ ಬೆಳೆದ ನಾಲ್ಕನ್ನೂ 12 ಪೌಂಡಿನ ಒಂದೇ ಛಾವಣಿಯ ಕೆಳಗೆ ಮೂರು ವಾರ ಕೂಡಿಹಾಕಿ, ನಾಲ್ಕರ ಸ್ವಭಾವವನ್ನೂ ಒಂದುಮಾಡಿದ್ದೆನು.

ಒಂದು ಲೀಟರು ಬಿಯರಿನಲ್ಲಿ ಎಷ್ಟು ಲೀಟರು ಅನಿಲ ಕರಗಿದೆಯೆಂಬುದನ್ನು ಪಾಲುಗಳ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಅಮೆರಿಕದ ಪೇಲ್ ಏಲಿಗೆ ಎರಡೂವರೆ ಪಾಲು ಒಪ್ಪುತ್ತದೆ. ಗೋಧಿಬಿಯರಿಗೆ ಮೂರೂವರೆ, ಕೆಲವರ ಮತದಲ್ಲಿ ಇನ್ನೂ ಹೆಚ್ಚು. ಇಂಗ್ಲೆಂಡಿನ ಬಿಟರಿಗೆ ಎರಡಕ್ಕೂ ಕಡಮೆ. ಪೆಟ್ಟಿಗೆಯ ಒಳಗೆ 5.5 ಡಿಗ್ರಿ ಸೆಲ್ಸಿಯಸ್ ಚಳಿಯಿದ್ದರೆ, ಪೇಲ್ ಏಲಿನ ಪೀಪಾಯಿಗೆ 13 ಪೌಂಡು, ಗೋಧಿಬಿಯರಿಗೆ 24 ಪೌಂಡು, ಬಿಟರಿಗೆ ಐದಾರು ಪೌಂಡು ಒತ್ತಡ ಬೇಕೆಂದು ಕೋಷ್ಟಕಗಳು ಹೇಳುತ್ತವೆ. ಇವನ್ನು ಒಂದೇ ಸಿಲಿಂಡರಿನಿಂದ ಪಡೆಯುವುದು ಕಷ್ಟವಲ್ಲ. ಸಿಲಿಂಡರಿನ ತಲೆಯ ಮೇಲೆ ಮುಖ್ಯ ರೆಗ್ಯುಲೇಟರು. ಅದರಿಂದ ಹೊರಟ ಕೊಳವೆಯು ಸಾಲಾಗಿ ಜೋಡಿಸಿದ ಮೂರು ಉಪರೆಗ್ಯುಲೇಟರುಗಳ ಮೂಲಕ ಹಾದು, ಒಂದೊಂದರಿಂದಲೂ ಒಂದೊಂದು ಪೀಪಾಯಿಗೆ, ಆಯಾ ಪೀಪಾಯಿಯ ಪಾಲಿನ ಒತ್ತಡವನ್ನು ಮಾತ್ರ ಒಯ್ಯುತ್ತದೆ. ಅಗ್ಗದ ಅಂಗಡಿಗಳಲ್ಲಿ ಸಿಗುವ, ಒಂದು ಒತ್ತಡವನ್ನು ನಾಲ್ಕು ಬಾಯಿಗೆ ಹಂಚುವ ಹಿತ್ತಾಳೆಯ ಹಂಚಿಕೆಯನ್ನು ಕೊಂಡು, ಅದರ ನಾಲ್ಕು ತಿರುಗಣೆಗಳನ್ನು ನೋಡಿ ನಾಲ್ಕು ಒತ್ತಡಗಳು ಸಿಗುವುವೆಂದು ಭ್ರಮಿಸುವವರುಂಟು. ಆ ತಿರುಗಣೆಗಳು ಅನಿಲವನ್ನು ಬಿಡುವುದಕ್ಕೂ ತಡೆಯುವುದಕ್ಕೂ ಇವೆಯೇ ಹೊರತು ಅಳೆಯುವುದಕ್ಕಲ್ಲ. ಪ್ರತಿಯೊಂದು ದಾರಿಯಲ್ಲಿಯೂ ಅನಿಲವು ಹಿಂದಿರುಗದಂತೆ ತಡೆಯುವ ಸಣ್ಣ ಕವಾಟವಿರಬೇಕೆಂಬುದನ್ನು ಮರೆಯತಕ್ಕುದಲ್ಲ. ಅದಿಲ್ಲವಾದರೆ ಹೆಚ್ಚು ಒತ್ತಡದ ಗೋಧಿಬಿಯರಿನ ಅನಿಲವು, ಒಮ್ಮೊಮ್ಮೆ ಬಿಯರೇ, ಹಿಮ್ಮುಖವಾಗಿ ಹರಿದು ನೆರೆಯ ಪೀಪಾಯಿಯ ಮನೆಗೆ ನುಗ್ಗೀತು.

ಊಟದ ಪಂಕ್ತಿಯಲ್ಲಿ ಭೇದಮಾಡಬಾರದೆಂಬುದು ನಾವು ಬಾಲ್ಯದಿಂದ ಕೇಳಿದ ಶಿಕ್ಷಣ. ಆದರೆ ಹಲ್ಲಿಲ್ಲದ ಅಜ್ಜನ ಎಲೆಗೆ ಮೆತ್ತನೆಯ ಅನ್ನವನ್ನೂ ಖಾರ ತಾಳದ ಮಗುವಿನ ಎಲೆಗೆ ಬರೀ ತುಪ್ಪ ಅನ್ನವನ್ನೂ ಬಡಿಸುವ ನಮ್ಮ ತಾಯಂದಿರನ್ನು ಪಂಕ್ತಿಭೇದ ಮಾಡಿದರೆಂದು ಯಾರೂ ದೂರಲಿಲ್ಲ. ಮೂರು ರೆಗ್ಯುಲೇಟರುಗಳಿಗೆ ಹಣ ಸುರಿಯುವುದು ಅತಿಯಾಯಿತೆಂದು ಮನೆಯವರು ಆಕ್ಷೇಪಿಸಿದಾಗ ನಾನು ಕೊಟ್ಟ ಉತ್ತರ ಅದೇ.

ಒತ್ತಡವು ಸರಿಹೋದ ಮೇಲೆ ಎರಡನೆಯ ತೊಡಕು ತಲೆಯೆತ್ತುತ್ತದೆ. 24 ಪೌಂಡಿನ ಬಲದಿಂದ ನೂಕಲ್ಪಟ್ಟ ಗೋಧಿಬಿಯರು ನಲ್ಲಿಯ ಬಾಯಿಗೆ ಬಂದಾಗ, ಆ ಬಲವೆಲ್ಲ ಒಮ್ಮೆಗೇ ಸಡಿಲಿದರೆ, ಗೋಲಿ ಒಡೆದ ಸೋಡಾದಂತೆ ಬಟ್ಟಲಿನಲ್ಲಿ ಬರಿಯ ನೊರೆಯುಳಿಯುತ್ತದೆ. ಆದುದರಿಂದ ಪೀಪಾಯಿಯಿಂದ ನಲ್ಲಿಗೆ ಬರುವ ದಾರಿಯಲ್ಲಿಯೇ, ಕೊಳವೆಯ ಒಳಗೋಡೆಯ ಉಜ್ಜುವಿಕೆಯಿಂದ, ಒತ್ತಡವು ಅಡಿಯಡಿಗೂ ಸ್ವಲ್ಪಸ್ವಲ್ಪವಾಗಿ ಸವೆಯುತ್ತ ಬಂದು, ನಲ್ಲಿಯ ಹತ್ತಿರ ಶಾಂತವಾಗಬೇಕು. ಒಂದು ಅಂಗುಲದ ಹದಿನಾರರಲ್ಲಿ ಮೂರು ಭಾಗ ಒಳವ್ಯಾಸವುಳ್ಳ ವಿನೈಲ್ ಕೊಳವೆಯು ಅಡಿಗೆ 3 ಪೌಂಡಿನಂತೆ ಒತ್ತಡವನ್ನು ತಿನ್ನುತ್ತದೆಂದೂ, ಕಾಲಂಗುಲದ ಕೊಳವೆಯು ಅಡಿಗೆ 0.85 ಪೌಂಡನ್ನು ಮಾತ್ರ ತಿನ್ನುತ್ತದೆಂದೂ ಈ ಕಸುಬಿನವರ ಕೈಪಿಡಿಯಲ್ಲಿ ನಮೂದಿಸಿದೆ. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಅಗಲ ಹೆಚ್ಚಿದ ಮಾತ್ರಕ್ಕೆ ತಡೆಯು ಮೂರನೆಯ ಒಂದಂಶಕ್ಕೂ ಕೆಳಗಿಳಿಯುವುದು ಮೊದಲ ನೋಟಕ್ಕೆ ನಂಬಲಾಗದ ಮಾತು. ನಮ್ಮ ಮೈಯ ಸೂಕ್ಷ್ಮ ರಕ್ತನಾಳಗಳಲ್ಲಿ ನೆತ್ತರು ಹೇಗೆ ಹರಿಯುತ್ತದೆಂದು ತಿಳಿಯಬಯಸಿದ ಫ್ರಾನ್ಸಿನ ವೈದ್ಯ ಪ್ವಾಜೆಯ್ ಅವರು 1840ರ ದಶಕದಲ್ಲಿ ಗಾಜಿನ ನಳಿಗೆಗಳಲ್ಲಿ ಪ್ರಯೋಗಮಾಡಿ, ಸಾವಕಾಶವಾದ ಹರಿವಿನಲ್ಲಿ ಕೊಳವೆಯ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ತಡೆಯು ಬದಲಾಗುವುದೆಂದು ತೋರಿಸಿದರು. ಬಿಯರಿನ ಕೊಳವೆಯೊಳಗಿನ ಹರಿವು ಅಷ್ಟು ಶಾಂತವಾದುದಲ್ಲವಾಗಿ ಆ ನಿಯಮವು ಇಲ್ಲಿ ಅಕ್ಷರಶಃ ನಡೆಯದು; ಆದರೂ ಕಿರಿದಾದ ದಾರಿ ಎಷ್ಟು ಬಲವಾಗಿ ತಡೆಯುತ್ತದೆಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಕೈಪಿಡಿಯ ಲೆಕ್ಕದಂತೆ 13 ಪೌಂಡಿನ ಪೇಲ್ ಏಲಿಗೆ ನಾಲ್ಕೂವರೆ ಅಡಿ ಕೊಳವೆ ಸಾಕು. ಆದರೆ ಅದು ಸೆಕೆಂಡಿಗೆ 2 ಔನ್ಸಿನಂತೆ, ಎಂಟು ಸೆಕೆಂಡಿಗೆ ಒಂದು ಪೈಂಟು ತುಂಬಿಸಿ ಮುಂದಿನ ಗಿರಾಕಿಯ ಕಡೆ ತಿರುಗಬೇಕಾದ ಅಂಗಡಿಯ ಲೆಕ್ಕ. ಮನೆಯಲ್ಲಿ ಆ ಅವಸರವಿಲ್ಲ. ಎದುರುಮನೆಯ ಹಿರಿಯರ ಮಾತಿನಂತೆ ನಾನು ಪೇಲ್ ಏಲಿಗೆ 11 ಅಡಿ, ಗೋಧಿಬಿಯರಿಗೆ 20 ಅಡಿ, ಬಿಟರಿಗೆ 5 ಅಡಿ ಕೊಳವೆಯನ್ನು ತೊಡಿಸಿ, ಅಷ್ಟುದ್ದದ ಕೊಳವೆಯನ್ನು ಪೀಪಾಯಿಯ ತಲೆಯ ಮೇಲೆ ಸಿಂಬಿಯಂತೆ ಸುತ್ತಿಟ್ಟೆನು. ಈಚೆಗೆ ಪಕ್ಕದಲ್ಲಿ ಸಣ್ಣ ಸನ್ನೆಯುಳ್ಳ ನಲ್ಲಿಗಳು ಬಂದಿವೆ; ಆ ಸನ್ನೆಯನ್ನು ತಿರುಗಿಸಿ ಹರಿವನ್ನು ನಲ್ಲಿಯಲ್ಲಿಯೇ ಕಿರಿದುಮಾಡಬಹುದು. ಪೀಪಾಯಿಗಳನ್ನು ಮೇಲಿಂದಮೇಲೆ ಬದಲಾಯಿಸುವವರಿಗೆ, ಇಂದು ಬಿಟರ್ ಇದ್ದ ಕೊಂಡಿಗೆ ಮುಂದಿನ ತಿಂಗಳು ಬೆಲ್ಜಿಯಂ ದೇಶದ ಏಲನ್ನು ಸಿಕ್ಕಿಸುವವರಿಗೆ, ಅದು ಬಹಳ ಉಪಕಾರಿ. ಕೊಳವೆಯನ್ನು ಪ್ರತಿಸಲವೂ ಬದಲಾಯಿಸುವ ಕಷ್ಟ ತಪ್ಪುತ್ತದೆ. ಆದರೂ ತಡೆಯು ಉದ್ದವಾದ ದಾರಿಯಲ್ಲಿ ಹರಡಿಕೊಂಡಿರುವುದೇ ಲೇಸೆಂದು ನನ್ನ ಅನುಭವ. ನೊರೆಯ ಕಣ ಸಣ್ಣದಾಗಿ ಬರುತ್ತದೆ.

ಸ್ಟೌಟಿನ ಕಥೆಯೇ ಬೇರೆ. ಇಲ್ಲಿ ಇಂಗಾಲಾಮ್ಲವೊಂದನ್ನೇ ನಂಬಿ ನಡೆಯಲಾಗದು. ಡಬ್ಲಿನ್ ನಗರದ ಗಿನ್ನೆಸ್ ಸಂಸ್ಥೆಯು ತನ್ನ ಇನ್ನೂರನೆಯ ವರ್ಷವನ್ನು ಆಚರಿಸಿದ 1959ರಲ್ಲಿ, ಅಲ್ಲಿ ಕೆಲಸಕ್ಕಿದ್ದ ಮೈಕೇಲ್ ಆಶ್ ಎಂಬ ಗಣಿತಜ್ಞರ ಪರಿಶ್ರಮದಿಂದ, ಸಾರಜನಕವನ್ನು ಬೆರೆಸಿ ಬಿಯರನ್ನು ಸುರಿಯುವ ಕ್ರಮವನ್ನು ಬಳಕೆಗೆ ತಂದಿತು. ಅದಕ್ಕೆ ಮುಂಚೆ ಐರ್ಲೆಂಡಿನ ಅಂಗಡಿಗಳಲ್ಲಿ ಎರಡು ಪೀಪಾಯಿಗಳಿಂದ, ಹೊಸದನ್ನೂ ಹಳತನ್ನೂ ಬೆರೆಸಿ, ಸಮಯವರಿತು, ಕೈಚಳಕದಿಂದ ತುಂಬಿಸಬೇಕಾಗಿತ್ತು. ಸಾರಜನಕವು ಬಿಯರಿನಲ್ಲಿ ಬಲು ಸ್ವಲ್ಪವಾಗಿ ಮಾತ್ರ ಕರಗತಕ್ಕ ವಾಯು. ಮುಕ್ಕಾಲು ಪಾಲು ಸಾರಜನಕವೂ ಕಾಲು ಪಾಲು ಇಂಗಾಲಾಮ್ಲವೂ ಕೂಡಿದ ಮಿಶ್ರಣವನ್ನು 30 ಪೌಂಡಿನಷ್ಟು ಒತ್ತಡದಲ್ಲಿಟ್ಟರೂ ಬಿಯರಿನಲ್ಲಿ ಇಂಗಾಲಾಮ್ಲವು ಒಂದು ಪಾಲಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ನಾಲಿಗೆಗೆ ಚುಚ್ಚುವ ಹುಳಿ ಇಲ್ಲವಾಗುತ್ತದೆ. ನಲ್ಲಿಯ ಗಂಟಲಿನಲ್ಲಿ ಸೂಜಿಯ ಮೊನೆಯಷ್ಟು ಕಿರಿದಾದ ಐದು ರಂಧ್ರಗಳುಳ್ಳ ತಟ್ಟೆಯೊಂದಿರುತ್ತದೆ. ಬಿಯರು ಅದರ ಮೂಲಕ ನುಗ್ಗುವಾಗ ಕರಗಿದ್ದ ಸಾರಜನಕವು ಹೊಗೆಯಂತಹ ಸಣ್ಣ ಗುಳ್ಳೆಗಳಾಗಿ ಬಿಡಿಸಿಕೊಳ್ಳುತ್ತದೆ. ಬಟ್ಟಲಿನ ನಡುವೆ ಬಿಯರು ಮೇಲಕ್ಕೇರಿ ಅಂಚಿನಲ್ಲಿ ಕೆಳಕ್ಕಿಳಿಯುವುದರಿಂದ, ಗಾಜಿನ ಬದಿಯಲ್ಲಿ ಗುಳ್ಳೆಗಳು ಕೆಳಮುಖವಾಗಿ ಜಾರುವಂತೆ ಕಾಣುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. ತಟ್ಟೆಯೇ ತಡೆಯನ್ನೊದಗಿಸುವುದರಿಂದ ಸ್ಟೌಟಿಗೆ ಉದ್ದವಾದ ಕೊಳವೆ ಬೇಡ. ಆದರೆ ಎರಡನೆಯ ಸಿಲಿಂಡರು, ಅದಕ್ಕೆ ಬೇರೆ ರೆಗ್ಯುಲೇಟರು, ಬೇರೆ ನಲ್ಲಿ, ಇಷ್ಟೂ ಬೇಕು. ಇದರಲ್ಲಿ ಅಡ್ಡದಾರಿಯಿಲ್ಲ, ಪೇಲ್ ಏಲಿನ ಅನಿಲವನ್ನೇ ಸ್ಟೌಟಿಗೂ ಕೊಟ್ಟು ಕೆನೆ ಬರಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಒತ್ತಡವನ್ನು ಬೇರೆಬೇರೆ ಮಾಡಬಹುದು, ಕೊಳವೆಯನ್ನು ಬೇರೆಬೇರೆ ಮಾಡಬಹುದು, ಅನಿಲವನ್ನೂ ಬೇರೆಬೇರೆ ಮಾಡಬಹುದು. ಒಂದು ಪೆಟ್ಟಿಗೆಯೊಳಗೆ ಬೇರೆಬೇರೆ ಮಾಡಲಾಗದ್ದು ಚಳಿ. ಅಮೆರಿಕದ ಅಂಗಡಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದು 3.3 ಡಿಗ್ರಿ. ಇಂಗ್ಲೆಂಡಿನ ಬಿಟರಿಗೆ ಸಲ್ಲತಕ್ಕುದು ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ. ಅನಿಲ ತುಂಬಿದ ಪೀಪಾಯಿಗಳ ಏಕರೂಪದ ಬಿಯರು ತಮ್ಮ ನಾಡಿನ ಹಳೆಯ ಏಲನ್ನು ನುಂಗಿಹಾಕುತ್ತಿದೆಯೆಂದು ಕೆರಳಿ 1971ರಲ್ಲಿ ಸಂಘಕಟ್ಟಿದ ಇಂಗ್ಲಿಷರು, ನನ್ನ ಪೆಟ್ಟಿಗೆಯ ಬಿಟರನ್ನು ಬಿಟರ್ ಎಂದೇ ಒಪ್ಪಲಾರರು. ಅವರ ಮಾತಿನಲ್ಲಿ ಸತ್ಯವಿದೆ. ನಾನು ಮಾಡಿಕೊಂಡ ಒಪ್ಪಂದವಿಷ್ಟೆ: ಪೆಟ್ಟಿಗೆಯನ್ನು 3.3ಕ್ಕೆ ಇಳಿಸದೆ 5.5ರಲ್ಲಿ ನಿಲ್ಲಿಸಿ, ಬಿಟರನ್ನು ಅತಿಥಿಗಳು ಬರುವ ಹೊತ್ತಿಗೆ ಸ್ವಲ್ಪ ಮೊದಲೇ ದಪ್ಪ ಗಾಜಿನ ಬಟ್ಟಲಿಗೆ ಸುರಿದು, ಮೇಜಿನ ಮೇಲೆ ಕಾಲುಗಂಟೆ ಸುಮ್ಮನೆ ಬಿಡುತ್ತೇನೆ. ಚಳಿ ಇಳಿದಂತೆ ಬಾರ್ಲಿಯ ಬಿಸ್ಕತ್ತಿನಂತಹ ಪರಿಮಳವು ಮೆಲ್ಲಗೆ ಎಚ್ಚರಗೊಳ್ಳುತ್ತದೆ. ಬಟ್ಟಲನ್ನು ಫ್ರೀಜರಿನಲ್ಲಿಟ್ಟು ಮಂಜುಹಿಡಿಸಿ ಕೊಡುವ ಪದ್ಧತಿ ಇಲ್ಲಿ ಬಹಳವಾಗಿದೆ. ನೋಟಕ್ಕೆ ಸೊಗಸಾದ ಆ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮಂಜು ಹಿಡಿದ ಗಾಜು ನೊರೆಯನ್ನೆಬ್ಬಿಸುತ್ತದೆ, ನಾಲಿಗೆಯನ್ನು ಮರಗಟ್ಟಿಸುತ್ತದೆ. ನಾಲ್ಕು ಬಗೆಯನ್ನು ಇಷ್ಟು ಕಷ್ಟಪಟ್ಟು ಕಾಪಾಡಿ ಕಡೆಯಲ್ಲಿ ರುಚಿಯರಿಯುವ ಇಂದ್ರಿಯವನ್ನೇ ಮಲಗಿಸುವುದು ಸರಿಯಲ್ಲ.

ಪೆಟ್ಟಿಗೆಯೊಳಗೆ ಎಲ್ಲೆಡೆಯೂ ಒಂದೇ ಚಳಿ ಇರುವುದೆಂಬ ನಂಬಿಕೆಯೂ ಹುಸಿ. ತಂಪುಗಾಳಿ ತಳದಲ್ಲಿ ಕುಳಿತು, ನಲ್ಲಿಗಳಿರುವ ಮೇಲ್ಭಾಗ ಬೆಚ್ಚಗಿರುತ್ತದೆ. ಸಂಜೆಯ ಮೊದಲನೆಯ ಬಟ್ಟಲು ಮಾತ್ರ ನೊರೆನೊರೆಯಾಗಿ, ಎರಡನೆಯದು ಸರಿಯಾಗಿ ಬಂದರೆ ಕಾರಣವಿದೇ ಎಂದು ತಿಳಿಯಬೇಕು. ಅಂಗೈಯಗಲದ ಗಾಳಿಪಂಕವೊಂದನ್ನು ಒಳಗಿಟ್ಟರೆ ತೀರಿತು.

ಇನ್ನು ಅನಿಲದ ಸಿಲಿಂಡರಿನ ವಿಷಯವಾಗಿ ಎರಡು ಮಾತು. ಅದರೊಳಗೆ ಇಂಗಾಲಾಮ್ಲವು ದ್ರವರೂಪದಲ್ಲಿರುವುದರಿಂದ, ದ್ರವವು ಕಡೆಯ ತೊಟ್ಟಿನವರೆಗೆ ಇರುವಷ್ಟು ಕಾಲವೂ ಒತ್ತಡದ ಮುಳ್ಳು ಕದಲುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ 800 ಪೌಂಡಿನ ಸುತ್ತಮುತ್ತ ನಿಂತೇ ಇರುತ್ತದೆ. ನಮ್ಮ ಅಡುಗೆ ಅನಿಲದ ಸಿಲಿಂಡರಿನಂತೆ ಇದನ್ನೂ ತೂಗಿಯೇ ಲೆಕ್ಕ ತಿಳಿಯಬೇಕು. ಬರಿಯ ಸಿಲಿಂಡರಿನ ತೂಕವನ್ನು ಅದರ ಕಂಠದ ಮೇಲೆ ಕೊರೆದಿರುತ್ತಾರೆ. ಎರಡನೆಯ ಮಾತು ಪ್ರಾಣಕ್ಕೆ ಸಂಬಂಧಿಸಿದುದು. ನಮ್ಮ ಹಳ್ಳಿಗಳಲ್ಲಿ ಹಗೇವಿನ ಬಾಯಿತೆರೆದು ರಾಗಿಯನ್ನೋ ಜೋಳವನ್ನೋ ತೆಗೆಯುವ ಮುನ್ನ ಉರಿಯುವ ದೀಪವನ್ನು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುವ ರೂಢಿ ಇದ್ದುದನ್ನು ಹಿರಿಯರು ಬಲ್ಲರು. ಆ ಹಗೇವಿನ ತಳದಲ್ಲಿ ಸೇರಿಕೊಂಡು ಆಳುಗಳನ್ನು ಕೊಂದುದು ಇದೇ ಇಂಗಾಲಾಮ್ಲ. ಗಾಳಿಗಿಂತ ಭಾರವಾದುದು, ವಾಸನೆಯಿಲ್ಲದ್ದು. ಆದುದರಿಂದ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಪೆಟ್ಟಿಗೆಯನ್ನು ಇಡಬಾರದು. ಸಾಬೂನಿನ ನೀರನ್ನು ಪ್ರತಿಯೊಂದು ಕೀಲಿಗೂ ಸವರಿ ಗುಳ್ಳೆ ಬರುವುದೇ ಎಂದು ನೋಡಬೇಕು. ಅನಿಲ ಸೋರಿದ್ದೇ ಆದರೆ ಮುಚ್ಚಳವೆತ್ತಿ ಒಳಕ್ಕೆ ತಲೆಹಾಕುವ ಮುನ್ನ ಗ್ಯಾರೇಜಿನ ಬಾಗಿಲನ್ನು ತೆರೆದಿಡಬೇಕು.

ಶುಚಿತ್ವದ ವಿಷಯದಲ್ಲಿ ನಾನು ಕಠಿಣನೆಂದು ಮನೆಯಲ್ಲಿ ಹೆಸರಾಗಿದೆ. ಅಮೆರಿಕದ ಬಿಯರು ತಯಾರಕರ ಸಂಘದ ಕೈಪಿಡಿಯು ಎರಡು ವಾರಕ್ಕೊಮ್ಮೆ ಕ್ಷಾರದ್ರಾವಣದಿಂದಲೂ ಮೂರು ತಿಂಗಳಿಗೊಮ್ಮೆ ಆಮ್ಲದಿಂದಲೂ ಕೊಳವೆಗಳನ್ನು ತೊಳೆಯಬೇಕೆಂದು ವಿಧಿಸುತ್ತದೆ. ಅಂಗಡಿಯವರಿಗೆ ಹೇಳಿದ ಮಾತು ಮನೆಗೇಕೆ ಎನ್ನುವವರು, ತಿಂಗಳೊಪ್ಪತ್ತು ಬಿಟ್ಟು ತೆಗೆದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಲಿ. ಬಿಯರಿನಲ್ಲಿರುವ ಸುಣ್ಣದ ಅಂಶವು ಗೋಡೆಗೆ ಕಲ್ಲಿನಂತೆ ಹಿಡಿದು, ಅದರ ಒರಟಿನಲ್ಲಿ ಸೂಕ್ಷ್ಮಜೀವಿಗಳು ಮನೆಮಾಡಿ, ಬಿಯರಿಗೆ ಹಳಸಿದ ಬೆಣ್ಣೆಯ ವಾಸನೆಯನ್ನೋ ವಿನಿಗರಿನ ಹುಳಿಯನ್ನೋ ಅಂಟಿಸುತ್ತವೆ. ನಾಲ್ಕು ನಲ್ಲಿಗಳಿರುವಾಗ ಹೆಚ್ಚಾಗಿ ಬಳಸುವ ಒಂದೆರಡನ್ನು ತೊಳೆದು, ವಾರಗಟ್ಟಲೆ ಮುಟ್ಟದ ನಾಲ್ಕನೆಯದನ್ನು ಮರೆಯುವುದು ಮನುಷ್ಯಸ್ವಭಾವ. ವಾಸ್ತವದಲ್ಲಿ ಬೇಗ ಕೆಡುವುದು ನಿಂತ ನೀರಿನಂತೆ ನಿಂತ ಆ ಕೊಳವೆಯೇ.

ನಮ್ಮಲ್ಲಿಗೆ ಬರುವ ಕನ್ನಡಿಗ ಕುಟುಂಬಗಳಲ್ಲಿ ಬಿಯರು ಕುಡಿಯದವರೇ ಹೆಚ್ಚು. ಯುಗಾದಿಗೂ ದೀಪಾವಳಿಗೂ ಎಲ್ಲರೂ ಸೇರುವ ದಿನ ಬಿಟರಿನ ಪೀಪಾಯಿಯನ್ನು ತೆಗೆದು, ಅದರ ಸ್ಥಾನದಲ್ಲಿ ಶುದ್ಧವಾದ ನೀರು ತುಂಬಿದ ಪೀಪಾಯಿಯನ್ನಿಟ್ಟು, ವಾರದ ಮೊದಲೇ 30 ಪೌಂಡಿನ ಒತ್ತಡವನ್ನು ಕೊಟ್ಟು, ಉದ್ದವಾದ ಬೇರೊಂದು ಕೊಳವೆಯನ್ನು ತೊಡಿಸುತ್ತೇನೆ. ಮಕ್ಕಳು ಆ ನಲ್ಲಿಯಡಿಯಲ್ಲಿ ಸಾಲುನಿಂತು, ನಿಂಬೆಹುಳಿ, ಉಪ್ಪು, ಸಕ್ಕರೆ ಹಾಕಿದ ಲೋಟಗಳನ್ನು ಹಿಡಿಯುತ್ತಾರೆ. ಸಿಹಿಪಾಕವನ್ನಾಗಲಿ ಗಿಡಮೂಲಿಕೆಯ ಘಾಟುಳ್ಳ ರೂಟ್ ಬಿಯರನ್ನಾಗಲಿ ಪೀಪಾಯಿಯೊಳಗೇ ತುಂಬುವುದನ್ನು ಮಾತ್ರ ನಾನು ಬಿಟ್ಟಿದ್ದೇನೆ. ಆ ಗಂಧವು ಕೊಳವೆಯ ಮೈಯೊಳಕ್ಕೇ ಇಳಿದು ಎಷ್ಟು ತೊಳೆದರೂ ಬಿಡದೆ, ಮುಂದೆ ಅದರಲ್ಲಿ ಹರಿಯುವ ಬಿಯರಿಗೆಲ್ಲ ಮೆತ್ತಿಕೊಳ್ಳುತ್ತದೆ.

ಇಷ್ಟನ್ನೂ ಭಾವಮೈದುನನಿಗೆ ಆ ಸಂಜೆ ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಅವನು ನಲ್ಲಿಯನ್ನು ಅರ್ಧ ತೆರೆದು ಹಿಡಿದಿದ್ದನು. ಬಟ್ಟಲಿನಲ್ಲಿ ನೊರೆ ಏರುತ್ತಿತ್ತು. “ಪೂರ್ತಿ ತೆಗಿಯಪ್ಪ, ಅರ್ಧ ಬಿಡಬೇಡ, ಲೋಟ ಓರೆ ಹಿಡಿ,” ಎಂದೆನು. ಪೂರ್ತಿ ತೆರೆದೊಡನೆ ಹರಿವು ತಿಳಿಯಾಯಿತು. ಎರಡು ಬೆರಳಗಲದ ನೊರೆಯೊಡನೆ ಬಟ್ಟಲು ತುಂಬಿತು. ಅರ್ಧ ತೆರೆದ ನಲ್ಲಿಯ ಸಂದಿನಲ್ಲಿ ಬಿಯರು ಹೊರಳಾಡಿ ನೊರೆಯೇಳುವುದೆಂಬುದನ್ನು ಹೊಸಬರಿಗೆ ಮೊದಲು ಹೇಳಿಕೊಡಬೇಕು. ನಾನು ಅದನ್ನು ಕಡೆಗೆ ಹೇಳಿದೆನು.

ಅಮೆರಿಕದಲ್ಲಿ ಮನೆಮಾಡಿರುವ ನಮ್ಮವರಲ್ಲಿ ಯಾರಾದರೂ ಇಂತಹ ಪೆಟ್ಟಿಗೆಯನ್ನು ಕಟ್ಟಹೊರಟರೆ ಅವರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಅಂಗಡಿಯಲ್ಲಿ ಸಾಲುಸಾಲಾಗಿ ಹೊಳೆಯುವ ನಲ್ಲಿಗಳಿಗೆ ಮನಸೋತು ನಾಲ್ಕನ್ನು ಒಮ್ಮೆಗೇ ಕೊಳ್ಳಬೇಡಿರಿ. ಎರಡು ನಲ್ಲಿ ಸಾಕು, ಆದರೆ ರೆಗ್ಯುಲೇಟರುಗಳೂ ಎರಡಿರಲಿ. ಮೊದಲ ವರ್ಷ ಪೇಲ್ ಏಲನ್ನೂ ಗೋಧಿಬಿಯರನ್ನೂ ಇಟ್ಟು ಕೈಪಳಗಿಸಿಕೊಳ್ಳಿರಿ. ಸ್ಟೌಟಿನ ಆಸೆಯನ್ನು ಎರಡನೆಯ ಸಿಲಿಂಡರಿಗೆ ಹಣ ಕೂಡುವವರೆಗೆ ತಡೆದಿಡಿರಿ. ಕೊಳವೆಯನ್ನು ಲೆಕ್ಕಕ್ಕಿಂತ ಎರಡಡಿ ಉದ್ದವಾಗಿಯೇ ಕೊಂಡು ತನ್ನಿರಿ. ಬಟ್ಟಲು ತುಂಬುವುದು ತೀರ ನಿಧಾನವೆನಿಸಿದರೆ ಅರ್ಧರ್ಧ ಅಡಿಯಂತೆ ಕತ್ತರಿಸುತ್ತ ಬರಬಹುದು.